ಉಪ್ಪು ವ್ಯಾಪಾರಿಯ ಹೆಂಡತಿಯ ಸೊಪ್ಪಿನ ಜಾಡಿ

“ಅವ್ವ, ಮನಸ್ಸನ್ನು ಒಂದು ಕಡೆ ಕಟ್ಟಿಹಾಕುವ ಮಂತ್ರ ಯಾವುದು?” ಎಂದು ಮಾದಯ್ಯ ಕೇಳಿದ.

ಗುಡ್ಡದವ್ವ ಅವರೆಕಾಯಿ ಸುಲಿಯುತ್ತಿದ್ದಳು. ಆಕೆಗೆ ಓದು ಬರಹ ಬಾರದು. ಆದರೂ ಓದಿದವರು ಗುಡ್ಡ ಹತ್ತಿ ಬಂದು ಆಕೆಯ ಮುಂದೆ ಕೂರುತ್ತಿದ್ದರು. ಮಾದಯ್ಯ ಹಾಗೆ ಬಂದು ಅಲ್ಲೇ ಉಳಿದುಕೊಂಡವನು.

“ಕಟ್ಟಿಹಾಕುವುದಕ್ಕೆ ಅದೇನು ಎಮ್ಮೆಯೇನೋ?”

“ಎಮ್ಮೆಯಾದರೂ ವಾಸಿಯಿತ್ತವ್ವ. ಜಪಕ್ಕೆ ಕೂತರೆ ಇದು ಊರೆಲ್ಲ ಸುತ್ತುತ್ತದೆ. ಹಿಡಿದು ತರುತ್ತೇನೆ, ಬೈಯುತ್ತೇನೆ, ಮತ್ತೆ ಓಡುತ್ತದೆ. ಹೀಗೇ ಆದರೆ ಗುಡ್ಡ ಇಳಿದು ಮನೆಗೆ ಹೋಗುವುದೇ ಸರಿ ಅನ್ನಿಸಿದೆ.”

“ಹೋಗುವವನು ಹೋಗು. ಅದಕ್ಕೆ ಮುಂಚೆ ಈ ಕಾಯಿ ಸುಲಿದುಕೊಡು. ಒಂದು ಮನೆಯ ಸಂಗತಿ ಹೇಳುತ್ತೇನೆ. ಯಾರ ಮುಂದೆಯೂ ಆಡಬೇಡ. ಊರಿಗೆಲ್ಲ ಗೊತ್ತಿರುವುದೇ, ಆದರೂ ಆಡಬೇಡ.”

ಹೀಗೆಂದು ಅವ್ವ ಹೇಳಿದ ಕತೆ ಇದು.

ಒಂದೂರಿನಲ್ಲಿ ಒಬ್ಬ ಉಪ್ಪು ವ್ಯಾಪಾರಿ ಇದ್ದ. ಎತ್ತುಗಳ ಮೇಲೆ ಉಪ್ಪು ಹೇರಿಕೊಂಡು ಸಂತೆಗೆ ಹೋಗುವುದು ಅವನ ಕಸುಬು. ಅವನಿಗೊಬ್ಬಳು ಹೆಂಡತಿ. ಎದುರು ಮನೆಯಲ್ಲಿ ಅವನ ಅಕ್ಕ. ಅಕ್ಕನ ಗಂಡನದೂ ಅದೇ ವ್ಯಾಪಾರ. ಭಾವ ಮೈದುನ ಇಬ್ಬರೂ ಸಂತೆಗೆ ಹೋಗುವುದು ಒಟ್ಟಿಗೆ. ಬರುವುದು ಮಾತ್ರ ಬೇರೆ ಬೇರೆ. ತಮ್ಮ ದೀಪ ಹಚ್ಚುವ ಹೊತ್ತಿಗೆ ಮನೆಯಲ್ಲಿರುತ್ತಿದ್ದ. ಅಕ್ಕನ ಗಂಡ ಮರುದಿನ ಬಿಸಿಲೇರಿದ ಮೇಲೆ ಆಕಳಿಸುತ್ತ ಬರುತ್ತಿದ್ದ.

ಇದಕ್ಕೆ ಅಕ್ಕ ಒಂದು ಕಾರಣ ಕಂಡುಹಿಡಿದಿದ್ದಳು. ಸಂತೆಯಲ್ಲಿ ಬಳೆ ಮಾರುವವಳೊಬ್ಬಳು ಇದ್ದಾಳೆ, ತನ್ನ ಗಂಡ ಅವಳ ಬಲೆಗೆ ಬಿದ್ದಿದ್ದಾನೆ ಎಂದು. ಆ ಬಳೆಯವಳ ಮೂಗುತಿ ಎಂಥದು, ಅವಳು ತಲೆ ಬಾಚುವುದು ಹೇಗೆ, ಗಿರಾಕಿಯ ಕೈ ಹಿಡಿದು ಬಳೆ ತೊಡಿಸುವಾಗ ಕಣ್ಣು ಎತ್ತ ಹೊರಳಿಸುತ್ತಾಳೆ, ಎಲ್ಲವನ್ನೂ ನೀರು ಸೇದುವಲ್ಲಿ ಬಿಡಿಸಿ ಹೇಳುತ್ತಿದ್ದಳು. ಅವಳನ್ನು ಕಣ್ಣಿನಿಂದ ಕಂಡದ್ದು ಇಲ್ಲ. ಕಾಣಬೇಕಾದ ಅಗತ್ಯವೂ ಅಕ್ಕನಿಗೆ ಬಿದ್ದಿರಲಿಲ್ಲ.

ತನ್ನ ಗಂಡ ಬಾರದಿರುವುದು ಒಂದು ದುಃಖವಾದರೆ, ತಮ್ಮ ಬರುವುದು ಅವಳಿಗೆ ಇನ್ನೊಂದು ದುಃಖ. ಸಂತೆಗೆ ಹೋದ ಗಂಡಸರೆಲ್ಲ ಅಲ್ಲೇ ಉಳಿಯುವಾಗ ಇವನೊಬ್ಬ ಎತ್ತಿನ ಬಾಲ ಹಿಡಿದಂತೆ ಮನೆಗೆ ಬರುತ್ತಾನಲ್ಲ, ಏಕೆ? ಅಕ್ಕ ತನ್ನ ಕಿಟಕಿಯ ಸಂದಿಯಿಂದ ನೋಡಿದಳು. ತಮ್ಮ ಬಂದು ಕಾಲು ತೊಳೆದು ಜಗಲಿಯ ಮೇಲೆ ಕೂತ. ಹೆಂಡತಿ ಒಳಗಿನಿಂದ ಚಿಕ್ಕ ಬಟ್ಟಲಲ್ಲಿ ಏನನ್ನೋ ತಂದು ಕೊಟ್ಟಳು. ಅವನು ಕುಡಿದ. ಅವಳೂ ಕುಡಿದಳು. ಆಮೇಲೆ ಇಬ್ಬರೂ ಮಾತಾಡುತ್ತ ಕೂತರು. ಗಂಡ ಹೆಂಡತಿ, ಮದುವೆಯಾಗಿ ಇಷ್ಟು ವರ್ಷವಾದ ಮೇಲೆ, ಮಾತಾಡುತ್ತ ಕೂತರು! ಅಕ್ಕನಿಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ. ತಮ್ಮನಿಗೆ ಗಂಡನನ್ನು ಸೆರಗಿಗೆ ಕಟ್ಟಿಹಾಕುವ ಕೈಮದ್ದು ಬಿದ್ದಿದೆ.

ಬಟ್ಟಲಲ್ಲಿ ಇದ್ದದ್ದು ಸೊಪ್ಪಿನ ಸಾರಾಯಿ. ಕಾಡಿನಂಚಿನಲ್ಲಿ ಬೆಳೆಯುವ ಒಂದು ಸೊಪ್ಪಿದೆ. ಬೇರೆ ತಿಂಗಳಲ್ಲಿ ಅದನ್ನು ಆಡೂ ಮೂಸುವುದಿಲ್ಲ. ಆಷಾಢದಲ್ಲಿ ಮಾತ್ರ ಅದಕ್ಕೆ ಪರಿಮಳ ಬರುತ್ತದೆ, ನೀರಿಗೆ ಹಾಕಿ ಕುದಿಸಿದರೆ ನೇರಳೆ ಬಣ್ಣ ಬಿಡುತ್ತದೆ. ಊರವರು ಅದರ ರಸದಲ್ಲಿ ಪಾಯಸ ಮಾಡುತ್ತಿದ್ದರು. ವ್ಯಾಪಾರಿಯ ಹೆಂಡತಿ ಅದನ್ನು ಕೊಯ್ದು ತಂದು, ನೆರಳಲ್ಲಿ ಬಾಡಿಸಿ, ಜಾಡಿಗೆ ತುಂಬಿ, ಮೇಲೆ ಅಕ್ಕಿಯ ಸಾರಾಯಿ ಹೊಯ್ದು, ಬಾಯಿಗೆ ಬಟ್ಟೆ ಕಟ್ಟಿ ಅಟ್ಟದ ಕತ್ತಲಲ್ಲಿ ಇಡುತ್ತಿದ್ದಳು. ಎಲೆ ತನ್ನ ಬಣ್ಣವನ್ನೆಲ್ಲ ಬಿಟ್ಟು ಬಿಳಿಚಿಕೊಂಡ ಮೇಲೆ ಅದನ್ನು ತೆಗೆದುಹಾಕಿ, ಜೇನು ಬೆರೆಸಿ, ಮತ್ತೆ ಅಟ್ಟಕ್ಕೇ ಏರಿಸುತ್ತಿದ್ದಳು. ಇಷ್ಟೇ. ಸೊಪ್ಪು ಕೊಯ್ಯಲು ಗಂಡನೂ ಜೊತೆಗೆ ಹೋಗುತ್ತಿದ್ದ. ಆಷಾಢದಲ್ಲಿ ಗಂಡ ಹೆಂಡತಿ ಜೋಡಿಯಾಗಿ ಕಾಡಿಗೆ ಹೋಗುವುದೆಂದರೇನು ಎಂದು ಅಕ್ಕ ಅದನ್ನೂ ಒಂದು ಮಾತಾಗಿ ಮಾಡಿದ್ದಳು.

ಆ ಸಾರಾಯಿಯನ್ನು ಊರಲ್ಲಿ ಯಾರೂ ಕುಡಿಯುತ್ತಿರಲಿಲ್ಲ. ಔಷಧಿಗೆಂದು ಒಯ್ಯುತ್ತಿದ್ದರು ಅಷ್ಟೆ. ಗೌಡನಿಗೆ ನಿದ್ದೆ ಬಾರದು. ಪೂಜಾರಿಗೆ ಮಂಡಿನೋವು, ಅದಕ್ಕೆ ಹಚ್ಚಿಕೊಳ್ಳಲು ಒಂದು ಸೀಸೆ. ಹಚ್ಚಿಕೊಂಡ ಮಂಡಿಯಿಂದ ವಾಸನೆ ಬರಬೇಕಿತ್ತು, ಬರುತ್ತಿದ್ದದ್ದು ಪೂಜಾರಿಯ ಬಾಯಿಂದ. ಅಕ್ಕನಿಗೆ ಶೀತ. ಅವಳ ಶೀತ ಬೇಸಗೆಯಲ್ಲೂ ಬಿಡುತ್ತಿರಲಿಲ್ಲ.

ಅಕ್ಕ ಕೈಮದ್ದಿನ ಮಾತನ್ನು ನೀರು ಸೇದುವಲ್ಲಿ ಒಬ್ಬಳ ಕಿವಿಗೆ ಹಾಕಿದಳು. ಆಣೆ ಹಾಕಿಸಿಕೊಂಡೇ ಹಾಕಿದಳು. ಆ ಮಾತು ಪಕ್ಕದ ಮನೆಗೆ ಹೋಗುವಾಗ ಅದಕ್ಕೆ ಕರಿಕೋಳಿಯ ಮೂಳೆ ಸೇರಿತು. ಅದರಾಚೆಯ ಮನೆಯಲ್ಲಿ ಮಸಣದ ಬೂದಿ ಸೇರಿತು. ಇನ್ನೂ ಮುಂದೆ ಹೋದಾಗ ವ್ಯಾಪಾರಿಯ ಹೆಂಡತಿ ಅಮಾವಾಸ್ಯೆಯಂದು ಕೂದಲು ಬಿಚ್ಚಿಕೊಂಡು ಕಾಡಿಗೆ ಹೋಗಿದ್ದಳು. ಊರು ಸುತ್ತಿ ಆ ಮಾತು ಅಕ್ಕನ ಬಾಗಿಲಿಗೇ ಬಂತು. ತಾನೇ ಕಳಿಸಿದ್ದು ಎಂದು ಗುರುತು ಸಿಗದಷ್ಟು ಬೆಳೆದಿತ್ತು. ಅಕ್ಕ ಎದೆಯ ಮೇಲೆ ಕೈಯಿಟ್ಟುಕೊಂಡು, “ಅಯ್ಯೋ, ನಾನು ಇಷ್ಟು ಅಂದುಕೊಂಡಿರಲಿಲ್ಲ ಕಣ್ರೇ” ಎಂದಳು. ಆ ಕ್ಷಣದಿಂದ ಅವಳು ಅದನ್ನು ನಿಜವಾಗಿ ನಂಬಿದಳು.

ಕೈಮದ್ದು ಹಾಕಿದವಳಿಗೆ ಆ ಊರಲ್ಲಿ ಒಂದೇ ಶಿಕ್ಷೆ. ಉಟ್ಟ ಸೀರೆಯಲ್ಲಿ ತವರಿಗೆ ಹೋಗಬೇಕು, ತಿರುಗಿ ಬರುವಂತಿಲ್ಲ.

ಗೌಡ ಊರು ಸೇರಿಸಿದ. ಮದ್ದು ಕಕ್ಕಿಸುವ ಪಂಡಿತನೊಬ್ಬನನ್ನು ಬೇರೆ ಊರಿನಿಂದ ಕರೆಸಿದರು. ಅವನು ಕೊಡುವ ಕಷಾಯ ಕುಡಿದರೆ ಹೊಟ್ಟೆಯಲ್ಲಿದ್ದದ್ದೆಲ್ಲ ಹೊರಗೆ ಬರುತ್ತದೆ. ಬಂದದ್ದಕ್ಕೆ ಬಣ್ಣವಿದ್ದರೆ ಮದ್ದು, ಇಲ್ಲದಿದ್ದರೆ ಇಲ್ಲ. ವ್ಯಾಪಾರಿ ಏನೂ ವಾದ ಮಾಡಲಿಲ್ಲ. ಅಕ್ಕನಿಗೆ ಎದುರಾಡುವುದಕ್ಕಿಂತ ಕಷಾಯ ಕುಡಿಯುವುದು ಸುಲಭ ಎಂದು ಅವನಿಗೆ ಚಿಕ್ಕಂದಿನಿಂದ ಗೊತ್ತಿತ್ತು. ಕುಡಿದ, ಕಕ್ಕಿದ. ಅಚ್ಚ ನೇರಳೆ ಬಣ್ಣ.

“ನೋಡಿದಿರಾ!” ಎಂದು ಪಂಡಿತ ಕೈಯೆತ್ತಿದ. ಹೆಂಗಸರು ಸೆರಗನ್ನು ಬಾಯಿಗೆ ಹಿಡಿದರು. ವ್ಯಾಪಾರಿ ನಿತ್ರಾಣನಾಗಿ ಬಿದ್ದುಕೊಂಡ. ಅವನನ್ನು ಹೊತ್ತು ಮನೆಯಲ್ಲಿ ಮಲಗಿಸಿ ಬಂದರು.

ಹೆಂಡತಿ ಎದ್ದು ನಿಂತಳು. “ಬಣ್ಣ ಸೊಪ್ಪಿನದು. ಆ ಜಾಡಿಯಿಂದ ಕುಡಿದವರೆಲ್ಲರ ಹೊಟ್ಟೆಯಲ್ಲೂ ಅದೇ ಬಣ್ಣ ಇದೆ,” ಎಂದಳು. ಯಾರ ಹೆಸರನ್ನೂ ಹೇಳಲಿಲ್ಲ.

ಪಂಡಿತ ಮುಖ ಗಂಭೀರ ಮಾಡಿಕೊಂಡ. “ಹಾಗಾದರೆ ಕುಡಿದವರಿಗೆಲ್ಲ ಮದ್ದು ಸೇರಿದೆ. ಬರುವ ಅಮಾವಾಸ್ಯೆಯೊಳಗೆ ಕಕ್ಕದಿದ್ದರೆ ಅದು ಎದೆಗೆ ಇಳಿದು ಬೇರು ಬಿಡುತ್ತದೆ. ಆಮೇಲೆ ನನ್ನ ಕೈಯಲ್ಲಿಲ್ಲ.”

ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಗೌಡ ಕೆಮ್ಮಿ, “ನನಗೆ ಎಂದೋ ಒಂದು ದಿನ ನಿದ್ದೆ ಬಂದಿರಲಿಲ್ಲ” ಎನ್ನುತ್ತ ಮುಂದೆ ಬಂದ. ಅವನ ಹಿಂದೆ ಪೂಜಾರಿ. “ಹಚ್ಚಿಕೊಳ್ಳುವುದಕ್ಕೆ ಅಂದಿದ್ದಿರಲ್ಲ ಸ್ವಾಮಿ?” ಎಂದು ಯಾರೋ ಕೇಳಿದರು. “ಕೈ ತಪ್ಪಿ ಬಾಯಿಗೆ ಹೋಗಿರಬಹುದು,” ಎಂದ ಪೂಜಾರಿ. ಆಮೇಲೆ ಸಾಲು ನಿಂತಿತು. ಗಂಡ ನಿಂತದ್ದನ್ನು ಹೆಂಡತಿ ನೋಡಿದಳು, ಹೆಂಡತಿ ನಿಂತದ್ದನ್ನು ಗಂಡ ನೋಡಿದ. ಹೊಸದಾಗಿ ಬಂದ ಸೊಸೆಯ ಪಕ್ಕದಲ್ಲೇ ಅತ್ತೆ ನಿಂತಿದ್ದಳು. ಇಬ್ಬರೂ ಒಬ್ಬರಿಗೊಬ್ಬರು ತಿಳಿಯದ ಹಾಗೆ ಒಂದೇ ಸೀಸೆಯಿಂದ ಕುಡಿದು ಅದಕ್ಕೆ ನೀರು ತುಂಬುತ್ತಿದ್ದವರು. ಸಾಲಿನ ಕೊನೆಯಲ್ಲಿ, ಮುಖಕ್ಕೆ ಸೆರಗು ಎಳೆದುಕೊಂಡು, ಅಕ್ಕ.

ಊರಿಗೆ ಊರೇ ನೇರಳೆ ಬಣ್ಣ ಕಕ್ಕಿತು.

ಕಷಾಯ ಕುಡಿಯದೆ ಉಳಿದವಳು ಗೌಡನ ಮುದಿ ತಾಯಿ ಒಬ್ಬಳೇ. ಅವಳಿಗೆ ಹಲ್ಲಿರಲಿಲ್ಲ, ಹೆದರಿಕೆಯೂ ಇರಲಿಲ್ಲ. “ಏನ್ರಪ್ಪಾ,” ಎಂದಳು, “ಇದು ಕೈಮದ್ದೇ ಆದರೆ ನೀವೆಲ್ಲ ಇಷ್ಟು ದಿನ ಇವಳ ಸೆರಗು ಹಿಡಿದು ಓಡಾಡಬೇಕಿತ್ತಲ್ಲ? ನನ್ನ ಮಗ ಓಡಾಡಿದ್ದಾನಾ? ಆ ಪೂಜಾರಿ ಓಡಾಡಿದ್ದಾನಾ? ಓಡಾಡಿದ್ದರೆ ಈಗಲೇ ಹೇಳಿಬಿಡಿ, ಸೊಸೆ ಇಲ್ಲೇ ಇದ್ದಾಳೆ.”

ಜನ ನಕ್ಕರು. ಪಂಡಿತ ನಗಲಿಲ್ಲ. ಒಬ್ಬೊಬ್ಬರ ಮೈಗೆ ಮದ್ದು ಒಂದೊಂದು ಥರ ಹಿಡಿಯುತ್ತದೆ ಎಂದ. ಅದಕ್ಕೆ ಗೌಡ ಒಂದು ತೀರ್ಪು ಕೊಟ್ಟ. “ಈಗ ಇವಳ ಗಂಡನ ಮೈಯಲ್ಲಿ ಏನೂ ಉಳಿದಿಲ್ಲ. ಜಾಡಿಗಳನ್ನು ಬರಿದು ಮಾಡಿ. ಬರುವ ಸಂತೆಯಿಂದ ಅವನು ತಾನಾಗಿ ಮನೆಗೆ ಬಂದರೆ ಇವಳು ಇರಲಿ. ಬರದಿದ್ದರೆ ಇಷ್ಟು ದಿನ ಬಂದದ್ದು ಮದ್ದಿನ ಬಲದಿಂದ ಎಂದಾಯಿತು, ಇವಳು ತವರಿಗೆ ಹೊರಡಲಿ. ಅವನಿಗೆ ಇದನ್ನು ಯಾರೂ ತಿಳಿಸಕೂಡದು.”

ಹೆಂಡತಿಯ ಕೈಯಿಂದ ದೀಪ ಮುಟ್ಟಿಸಿ ಆಣೆ ತೆಗೆದುಕೊಂಡರು. ಜಾಡಿಗಳನ್ನು ಮೋರಿಗೆ ಸುರಿದರು. ಮೋರಿಯ ಬದಿಯ ಹುಂಜಗಳು ಮಧ್ಯಾಹ್ನವೇ ಕೂಗಿದವು. ಆ ಊರಿನಲ್ಲಿ ಒಂದು ಮಾತು ಹೊರಗೆ ಬೀಳದೆ ಉಳಿದದ್ದು ಅದೊಂದು ವಾರ ಮಾತ್ರ. ಪಣ ಅಷ್ಟು ರುಚಿಯಾಗಿತ್ತು.

ಅಕ್ಕ ಸುಮ್ಮನಿರುವವಳಲ್ಲ. ಸಂತೆಯ ಬೆಳಿಗ್ಗೆ ಗಂಡನಿಗೆ, “ಈ ಸಲ ನನ್ನ ತಮ್ಮನನ್ನೂ ಹೇಗಾದರೂ ಮಾಡಿ ಉಳಿಸಿಕೋ” ಎಂದಳು. ಅವಳು ಮದುವೆಯಾದಾಗಿನಿಂದ ಹೇಳಿದ ಮಾತುಗಳಲ್ಲಿ ಅವನಿಗೆ ಸಂತೋಷವಾದದ್ದು ಇದೊಂದೇ. ಆಗಲಿ ಎಂದು ಹೋದ.

ಸಂಜೆ ಅಕ್ಕ ತನ್ನ ಕಿಟಕಿ ಬಿಟ್ಟು ತಮ್ಮನ ಜಗಲಿಗೇ ಬಂದು ಕೂತಳು. ಬೀದಿಯುದ್ದಕ್ಕೂ ಜನ ಏನೋ ಕೆಲಸವಿದ್ದವರಂತೆ ಹೊರಗೆ ನಿಂತಿದ್ದರು. ದೀಪ ಹಚ್ಚುವ ಹೊತ್ತಾಯಿತು. ದಾರಿಯಲ್ಲಿ ಯಾರೂ ಇಲ್ಲ. ವ್ಯಾಪಾರಿಯ ಹೆಂಡತಿ ದೀಪ ಹಚ್ಚಿ ಗೂಡಿನಲ್ಲಿಟ್ಟಳು. ಕಣ್ಣು ದಾರಿಯ ಕಡೆಗಿದ್ದು ಎಣ್ಣೆ ಚೆಲ್ಲಿತು. ಅದನ್ನು ಸೆರಗಿನಿಂದ ಒರೆಸಿದಳು. ತವರಿಗೆ ಹೊರಟರೆ ಉಡಲು ಇನ್ನೊಂದು ಸೀರೆ ಜೊತೆಗಿರುವುದಿಲ್ಲ ಎಂಬುದು ಆಮೇಲೆ ನೆನಪಾಯಿತೋ ಏನೋ, ಸೆರಗಿನ ಆ ಕಲೆಯನ್ನೇ ನೋಡುತ್ತ ಕೂತಳು. ಅಕ್ಕ ಅದನ್ನು ನೋಡಿ ಮುಖ ತಿರುಗಿಸಿದಳು. ಗೆಲ್ಲುತ್ತಿದ್ದೇನೆ ಎಂದು ಅವಳಿಗೆ ಗೊತ್ತಿತ್ತು. ಆದರೂ ಅಂದುಕೊಂಡಷ್ಟು ಹಿತವಾಗಲಿಲ್ಲ.

ಊಟದ ಹೊತ್ತಿಗೆ ಎತ್ತಿನ ಗಂಟೆ ಕೇಳಿಸಿತು.

ತಮ್ಮ ಮೊಳಕಾಲಿನವರೆಗೆ ಕೆಸರು ಮಾಡಿಕೊಂಡು ಬಂದ. ಹೆಂಡತಿ ಎದ್ದು ಹೋಗಿ ಎತ್ತಿನ ಹಗ್ಗ ಹಿಡಿದಳು. ಏಕೆ ತಡವಾಯಿತು ಎಂದು ಕೇಳಲಿಲ್ಲ. ಎಲ್ಲಿದ್ದೆ ಎಂದು ಕೇಳಲಿಲ್ಲ. ಚೆಂಬಿನಲ್ಲಿ ನೀರು ಕೊಟ್ಟಳು, ಜಗಲಿಯ ಮೇಲೆ ಸರಿದು ಜಾಗ ಮಾಡಿದಳು.

“ಇವತ್ತು ಬರೀ ನೀರು,” ಎಂದಳು.

“ಇರಲಿ ಬಿಡು. ಬಾಯಾರಿತ್ತು.”

ಅಕ್ಕನಿಗೆ ತಡೆಯಲಾಗಲಿಲ್ಲ. “ಏನೋ, ಮದ್ದೆಲ್ಲ ಕಕ್ಕಿದೆಯಲ್ಲ, ಮತ್ತೆ ಯಾಕೋ ಬಂದೆ?”

“ಎಲ್ಲಿಗೆ ಹೋಗಲಕ್ಕ? ಮನೆ ಇಲ್ಲೇ ಇದೆಯಲ್ಲ. ಹೊತ್ತಿಗೆ ಮುಂಚೆಯೇ ಬರುತ್ತಿದ್ದೆ. ಭಾವ ಕೈ ಹಿಡಿದು ಆಟಕ್ಕೆ ಕೂರಿಸಿಬಿಟ್ಟ. ನನ್ನ ಹುಲಿಗಳನ್ನೆಲ್ಲ ಕಟ್ಟಿಹಾಕಿದ ಮೇಲೇ ಬಿಟ್ಟದ್ದು.”

“ಯಾವ ಹುಲಿ?”

“ಕಲ್ಲುಹರಳಿನ ಹುಲಿಕುರಿ ಆಟ ಅಕ್ಕ. ಪ್ರತಿ ಸಂತೆಗೂ ಭಾವ ಅಲ್ಲೇ ತಾನೇ, ಅರಳಿಕಟ್ಟೆಯ ಮೇಲೆ. ದೀಪದ ಎಣ್ಣೆ ಮುಗಿಯುವವರೆಗೂ ಏಳುವುದಿಲ್ಲ.”

“ಮತ್ತೆ ಬಳೆಯವಳು?”

“ಯಾವ ಬಳೆಯವಳು?”

ಇಷ್ಟು ವರ್ಷ ಅಕ್ಕ ಮೂಗುತಿ ಇಟ್ಟು, ತಲೆ ಬಾಚಿ ಸಾಕಿದ್ದ ಹೆಂಗಸು ಒಂದೇ ಮಾತಿಗೆ ಸತ್ತುಹೋಗಿದ್ದಳು. ಬೀದಿಯವರು ಒಬ್ಬೊಬ್ಬರಾಗಿ ಒಳಗೆ ಹೋದರು. ಗೌಡನ ತಾಯಿ ಮಾತ್ರ ನಿಂತು ಕೊನೆಯವರೆಗೂ ಕೇಳಿಸಿಕೊಂಡು ಹೋದಳು.

ಮುಂದಿನ ಆಷಾಢ ಬಂತು. ಅಕ್ಕ ತಾನಾಗಿ ತಮ್ಮನ ಮನೆಗೆ ಬಂದು, “ನನಗೂ ಆ ಸೊಪ್ಪು ತೋರಿಸೇ” ಎಂದಳು. ಬಳೆಯವಳು ಇಲ್ಲದಿದ್ದರೂ ಗಂಡ ಮನೆಗೆ ಬರುತ್ತಿರಲಿಲ್ಲವಲ್ಲ, ಅದು ಅವಳಿಗೆ ಮೊದಲಿಗಿಂತ ಹೆಚ್ಚು ನೋಯುತ್ತಿತ್ತು. ಹೆಂಗಸೊಬ್ಬಳಿಗೆ ಸೋತರೆ ಸಹಿಸಬಹುದು, ನಾಲ್ಕು ಕಲ್ಲುಹರಳಿಗೆ ಸೋಲುವುದೆಂದರೇನು? ಹೆಂಡತಿ ಹಳೆಯದನ್ನು ಎತ್ತಿ ಆಡದೆ ಅವಳನ್ನು ಕಾಡಿಗೆ ಕರೆದುಕೊಂಡು ಹೋದಳು. ಯಾವ ಎಲೆ ಕೊಯ್ಯಬೇಕು, ಯಾವುದು ಎಳಸು, ಎಷ್ಟು ಬಾಡಬೇಕು, ಎಲೆ ಯಾವ ಬಣ್ಣಕ್ಕೆ ಬಂದಾಗ ತೆಗೆಯಬೇಕು, ಎಲ್ಲವನ್ನೂ ತೋರಿಸಿಕೊಟ್ಟಳು. ಅಕ್ಕನ ಜಾಡಿ ಅಕ್ಕನ ಅಟ್ಟದಲ್ಲೇ ಕೂತಿತು.

ಜೇನು ಕೂಡಿಕೊಂಡ ಮೇಲೆ ಅಕ್ಕ ಗಂಡನಿಗೆ, ಸಂಜೆ ಬಾ, ಮನೆಯಲ್ಲಿ ಒಂದು ವಿಶೇಷವಿದೆ ಎಂದು ಹೇಳಿ ಕಳಿಸಿದಳು. ಅವನು ಬಂದ. ಒಂದು ಬಟ್ಟಲು ಕುಡಿದ. ಎರಡನೆಯದನ್ನು ಅರ್ಧಕ್ಕೆ ಬಿಟ್ಟು, ಎತ್ತಿಗೆ ಹುಲ್ಲು ಹಾಕಿ ಬರುತ್ತೇನೆ ಎಂದು ಹೊರಗೆ ಹೋದವನು ಬೆಳಗಿನವರೆಗೆ ಕೊಟ್ಟಿಗೆಯಲ್ಲೇ ಮಲಗಿದ್ದ.

ಬೆಳಗಾಗುವುದೇ ತಡ, ಅಕ್ಕ ಜಾಡಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಎದುರು ಮನೆಗೆ ಬಂದಳು. “ಏನೇ ಕಳ್ಳಿ, ಏನೋ ಒಂದನ್ನು ನೀನು ಮುಚ್ಚಿಟ್ಟಿದ್ದೀಯ. ಇನ್ನೊಂದು ಸೊಪ್ಪು ಬೀಳುತ್ತದೆ ಇದಕ್ಕೆ. ಹೇಳಿಬಿಡು.”

ಹೆಂಡತಿ ಬಟ್ಟೆ ಬಿಚ್ಚಿ ಮೂಸಿದಳು. ಬೆರಳದ್ದಿ ನಾಲಿಗೆಗೆ ಇಟ್ಟುಕೊಂಡಳು. “ನನ್ನದಕ್ಕಿಂತ ಚೆನ್ನಾಗಿದೆ ಅತ್ತಿಗೆ. ಅಣ್ಣ ಬಂದಾಗ ನೀವು ಏನು ಮಾಡಿದಿರಿ?”

“ಏನು ಮಾಡುವುದು? ಬಟ್ಟಲು ಕೊಟ್ಟೆ.”

“ಕೊಡುವಾಗ ಏನು ಅಂದಿರಿ?”

“ಏನೂ ಅನ್ನಲಿಲ್ಲ. ಹೋದ ಸಂತೆಯಲ್ಲಿ ಎಲ್ಲಿ ಬಿದ್ದಿದ್ದೆ ಅಂದೆ. ಅದರ ಹಿಂದಿನದರಲ್ಲಿ ಎಲ್ಲಿ ಬಿದ್ದಿದ್ದೆ ಅಂದೆ. ಅಷ್ಟೂ ಕೇಳಬಾರದೇನು ಕಟ್ಟಿಕೊಂಡವಳು?”

ಹೆಂಡತಿ ಜಾಡಿಗೆ ಬಟ್ಟೆ ಕಟ್ಟಿ ತಿರುಗಿ ಕೊಟ್ಟಳು. ಅಕ್ಕ ಅದನ್ನು ಹಿಡಿದುಕೊಂಡು ಅಂಗಳದಲ್ಲೇ ಸ್ವಲ್ಪ ಹೊತ್ತು ನಿಂತಳು. ಕಳೆದ ವರ್ಷ ಆ ಜಗಲಿಯ ಮೇಲೆ ತನ್ನ ಕಣ್ಣೆದುರಿಗೇ ನಡೆದದ್ದನ್ನು ಅವಳು ನೋಡಿದ್ದಳು. ಚೆಂಬಿನಲ್ಲಿ ಆ ದಿನ ಬರೀ ನೀರಿತ್ತು.

ಮುಂದಿನ ಸಂತೆಯ ದಿನ ಅಕ್ಕನ ಗಂಡ ಮಬ್ಬುಗತ್ತಲಾಗುವ ಹೊತ್ತಿಗೆ ಬಂದ. ಸೊಪ್ಪಿನ ಸಾರಾಯಿಯ ರುಚಿ ನಾಲಿಗೆ ಬಿಟ್ಟಿರಲಿಲ್ಲ ಎಂದು ಕೆಲವರು ಹೇಳುತ್ತಾರೆ. ಅಂದು ಆಟಕ್ಕೆ ಜೊತೆಯವರು ಸಿಕ್ಕಿರಲಿಲ್ಲ ಎಂದು ಇನ್ನು ಕೆಲವರು. ಏನಾದರೂ ಆಗಲಿ, ಬಂದ. ಮೆಟ್ಟಿಲ ಕೆಳಗೆ ನಿಂತ. ಎಲ್ಲಿದ್ದೆ ಎಂಬುದಕ್ಕೊಂದು, ಯಾರ ಜೊತೆ ಎಂಬುದಕ್ಕೊಂದು, ಉತ್ತರಗಳನ್ನು ದಾರಿಯಲ್ಲೇ ಹೊಂದಿಸಿಕೊಂಡು ಬಂದಿದ್ದ.

ಅಕ್ಕನ ಗಂಟಲಿನವರೆಗೂ ಪ್ರಶ್ನೆ ಬಂತು. ಅವಳ ಕುತ್ತಿಗೆಯ ನರ ಉಬ್ಬಿದ್ದು ಎದುರು ಮನೆಗೂ ಕಾಣಿಸಿತು. ಅವಳು ಎದ್ದು ನೀರು ಕೊಟ್ಟಳು. ಬಟ್ಟಲು ಕೊಟ್ಟಳು. ಜಗಲಿಯ ಮೇಲೆ ಸರಿದು ಕೂತಳು.

ಅವನು ಕಾದ. ಪ್ರಶ್ನೆ ಬರಲಿಲ್ಲ. ಇನ್ನೂ ಸ್ವಲ್ಪ ಕಾದ. ಹೊಂದಿಸಿಕೊಂಡು ಬಂದ ಉತ್ತರಗಳನ್ನು ಏನು ಮಾಡುವುದೆಂದು ತಿಳಿಯದೆ ಅವಳ ಪಕ್ಕದಲ್ಲಿ ಕೂತ. ಬಟ್ಟಲು ಖಾಲಿಯಾಗುವ ಹೊತ್ತಿಗೆ ತಾನಾಗಿ ಬಾಯಿ ಬಿಟ್ಟ. ಅರಳಿಕಟ್ಟೆಯಲ್ಲಿ ಕುರಿಗಳನ್ನು ಮೋಸದಿಂದ ಸರಿಸುವವನು ಯಾರು, ಎಣ್ಣೆ ಅಂಗಡಿಯವನ ಎರಡನೆಯ ಮನೆ ಯಾವ ಬೀದಿಯಲ್ಲಿದೆ, ಸಂತೆಯ ಸುಂಕದವನ ಹೆಂಡತಿ ಯಾರ ಗಾಡಿಯಲ್ಲಿ ತವರಿಗೆ ಹೋದಳು, ಮೂರು ಊರಿನ ಸುದ್ದಿ ಅವನ ಹೊಟ್ಟೆಯಲ್ಲಿತ್ತು. ಕೇಳಿ ಕೇಳಿ ಇಷ್ಟು ವರ್ಷ ಸಿಗದೆ ಹೋದದ್ದೆಲ್ಲ ಕೇಳದೆ ಸಿಕ್ಕಿತು. ಅಕ್ಕ ಕಣ್ಣರಳಿಸಿಕೊಂಡು, “ಅಯ್ಯೋ ಶಿವನೇ! ಆಮೇಲೆ?” ಎನ್ನುತ್ತ, ಬಟ್ಟಲನ್ನು ಮತ್ತೊಮ್ಮೆ ತುಂಬಿದಳು. ಆ ರಾತ್ರಿ ಅವರಿಬ್ಬರೂ ಜಗಲಿಯಿಂದ ಏಳಲೇ ಇಲ್ಲ ಎಂದು ಬೀದಿಯವರು ಒಂದು ವಾರ ಆಡಿಕೊಂಡರು.

ಅವ್ವ ಕತೆ ನಿಲ್ಲಿಸಿ, ಸುಲಿದ ಕಾಳನ್ನು ಮೊರದಲ್ಲಿ ಕೇರಿದಳು.

ಮಾದಯ್ಯ ನಗುತ್ತಿದ್ದ. ಆಮೇಲೆ ತಾನು ಬಂದ ಕೆಲಸ ನೆನಪಾಗಿ, “ಅವ್ವ, ಹಾಗಾದರೆ ನನಗೆ ಮಂತ್ರ?” ಎಂದ.

ಅವ್ವ ಮೊರದಿಂದ ಕಣ್ಣೆತ್ತಲಿಲ್ಲ.

“ನಿನ್ನ ಮನಸ್ಸು ಊರೆಲ್ಲ ಸುತ್ತಿ ತಾನಾಗಿ ಬಂದು ಬಾಗಿಲಲ್ಲಿ ನಿಂತಾಗ, ಮಾದಯ್ಯ, ನೀನು ಅದಕ್ಕೆ ಮೊದಲು ಹೇಳುವ ಮಾತು ಯಾವುದು?”